ಆಲ್‌ಫ್ರೆಡ್ ವೆಗನರ್

ಭೂಮಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರುಗಳು ಹಲವು. ಧರೆ, ವಸುಧೆ, ಪೃಥ್ವಿ, ಮೇದಿನಿ ಎಂಬ ಹೆಸರುಗಳ ಜೊತೆಗೆ ಅಚಲೆ, ಸ್ಥಿರೆ ಎಂಬ ಎರಡು ಹೆಸರುಗಳೂ ನಿಘಂಟುಗಳಲ್ಲಿ ದೊರೆಯುತ್ತವೆ. ಅಲುಗಾಡದವಳು, ನೆಲೆನಿಂತವಳು ಎಂದು ಅವುಗಳ ಅರ್ಥ. ಗಾಳಿ ಬೀಸುತ್ತದೆ, ನೀರು ಹರಿಯುತ್ತದೆ. ನೆಲವೊಂದು ಮಾತ್ರ ಇದ್ದಲ್ಲಿಯೇ ಇರುತ್ತದೆ ಎಂಬುದು ಎಲ್ಲ ದೇಶಗಳ ಜನರ ಅನುಭವ. ಭೂಮಿಯು ಸೂರ್ಯನ ಸುತ್ತ ಸುತ್ತುತ್ತದೆ ಎಂಬುದನ್ನು ವಿದ್ವಾಂಸರು ಒಪ್ಪಿಕೊಂಡು ಶತಮಾನಗಳು ಕಳೆದ ಮೇಲೂ, ಅದರ ಮೇಲಿನ ಖಂಡಗಳು ಒಂದರಿಂದೊಂದು ದೂರ ಸರಿಯುತ್ತವೆ ಎಂಬ ಮಾತನ್ನು ನಂಬಲು ಅವರು ಸಿದ್ಧರಿರಲಿಲ್ಲ. ಆ ಮಾತನ್ನು ಒಂದು ಪೂರ್ಣ ಸಿದ್ಧಾಂತವಾಗಿ, ಪ್ರಮಾಣಗಳೊಡನೆ ಲೋಕದ ಮುಂದಿಟ್ಟವನು ಭೂಗರ್ಭಶಾಸ್ತ್ರಜ್ಞನಲ್ಲ. ಗಾಳಿ ಮೋಡಗಳನ್ನು ಅಭ್ಯಾಸ ಮಾಡುತ್ತಿದ್ದ ಜರ್ಮನಿಯ ಒಬ್ಬ ತರುಣ ಅಧ್ಯಾಪಕ.

ಆಲ್‌ಫ್ರೆಡ್ ವೆಗನರನು ಹುಟ್ಟಿದ್ದು ೧೮೮೦ನೆಯ ಇಸವಿಯ ನವೆಂಬರ್ ೧ರಂದು, ಬರ್ಲಿನ್ ನಗರದಲ್ಲಿ. ಅವನ ತಂದೆ ರಿಚರ್ಡ್ ವೆಗನರನು ಕ್ರೈಸ್ತ ಧರ್ಮಬೋಧಕನೂ ಪ್ರಾಚೀನ ಭಾಷೆಗಳ ಅಧ್ಯಾಪಕನೂ ಆಗಿದ್ದನು. ಐವರು ಮಕ್ಕಳಲ್ಲಿ ಆಲ್‌ಫ್ರೆಡನೇ ಕಿರಿಯವನು. ಅಣ್ಣ ಕುರ್ಟನು ಅವನಿಗೆ ಬಾಲ್ಯದ ಒಡನಾಡಿ; ಮುಂದೆ ವಿಜ್ಞಾನದಲ್ಲಿಯೂ ಜೊತೆಗಾರ. ಓದಿನಷ್ಟೇ ಆಸಕ್ತಿಯಿಂದ ಆಲ್‌ಫ್ರೆಡನು ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು, ಬಹುದೂರ ನಡೆಯುವುದು ಮೊದಲಾದ ಸಾಹಸಗಳಲ್ಲಿ ದೇಹವನ್ನು ಹುರಿಗೊಳಿಸಿದನು. ಉತ್ತರ ಧ್ರುವದ ಸಮೀಪದಲ್ಲಿರುವ ಗ್ರೀನ್‌ಲ್ಯಾಂಡ್ ಎಂಬ ಹಿಮದ್ವೀಪವನ್ನು ಕಾಣಬೇಕೆಂಬ ಬಯಕೆ ಅವನಲ್ಲಿ ಎಳೆಯ ವಯಸ್ಸಿನಲ್ಲಿಯೇ ಮೂಡಿತ್ತು.

ಬರ್ಲಿನ್, ಹೈಡೆಲ್‌ಬರ್ಗ್, ಇನ್ಸ್‌ಬ್ರುಕ್ ಎಂಬ ಮೂರು ಊರುಗಳ ವಿಶ್ವವಿದ್ಯಾನಿಲಯಗಳಲ್ಲಿ ಅವನ ವ್ಯಾಸಂಗ ನಡೆಯಿತು. ಹದಿಮೂರನೆಯ ಶತಮಾನದ ಗ್ರಹಗಣಿತದ ಕೋಷ್ಟಕಗಳ ಮೇಲೆ ಪ್ರಬಂಧವನ್ನು ಬರೆದು ೧೯೦೫ರಲ್ಲಿ ಖಗೋಲಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಆದರೆ ದೂರದರ್ಶಕದ ಮುಂದೆ ರಾತ್ರಿಯಿಡೀ ಕುಳಿತಿರುವ ಬಾಳು ಅವನ ಸ್ವಭಾವಕ್ಕೆ ಒಗ್ಗುವಂತಿರಲಿಲ್ಲ. ಆಗ ತಾನೇ ತಲೆಯೆತ್ತುತ್ತಿದ್ದ ಹವಾಮಾನಶಾಸ್ತ್ರವು ಅವನನ್ನು ಸೆಳೆಯಿತು. ಲಿಂಡೆನ್‌ಬರ್ಗಿನ ವೀಕ್ಷಣಾಲಯದಲ್ಲಿ ಅಣ್ಣನೊಡನೆ ಕೆಲಸಕ್ಕೆ ಸೇರಿ, ಗಾಳಿಪಟಗಳಿಗೂ ಬಲೂನುಗಳಿಗೂ ಉಪಕರಣಗಳನ್ನು ಕಟ್ಟಿ ಮೇಲಕ್ಕೆ ಹಾರಿಸಿ, ಎತ್ತರದ ಗಾಳಿಯ ಉಷ್ಣತೆಯನ್ನೂ ಒತ್ತಡವನ್ನೂ ಅಳೆಯತೊಡಗಿದನು. ೧೯೦೬ರ ಏಪ್ರಿಲ್ ತಿಂಗಳಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಒಂದು ಬಲೂನನ್ನೇರಿ ೫೨ ಗಂಟೆಗಳಿಗೂ ಮಿಗಿಲಾಗಿ ಆಕಾಶದಲ್ಲಿ ಉಳಿದು, ಅಂದಿನ ಜಾಗತಿಕ ದಾಖಲೆಯನ್ನು ಮುರಿದರು.

ಅದೇ ವರ್ಷ ಅವನ ಬಾಲ್ಯದ ಬಯಕೆಯೂ ಕೈಗೂಡಿತು. ಈಶಾನ್ಯ ಗ್ರೀನ್‌ಲ್ಯಾಂಡಿನ ತೀರವನ್ನು ಅಳೆಯಲು ಹೊರಟ ಡೆನ್ಮಾರ್ಕಿನ ತಂಡವೊಂದು ಅವನನ್ನು ಹವಾಮಾನ ವೀಕ್ಷಕನನ್ನಾಗಿ ಸೇರಿಸಿಕೊಂಡಿತು. ಎರಡು ವರ್ಷ ಅವನು ಅಲ್ಲಿ ನೆಲೆಸಿದನು. ತಂಡದ ನಾಯಕನೂ ಅವನ ಇಬ್ಬರು ಸಂಗಡಿಗರೂ ೧೯೦೭ರ ಚಳಿಗಾಲದಲ್ಲಿ ಹಸಿವಿನಿಂದಲೂ ಶೀತದಿಂದಲೂ ಪ್ರಾಣಬಿಟ್ಟರು. ಹಿಮದ ನಾಡು ತನ್ನನ್ನು ಕಾಣಬಂದವರಿಂದ ಏನನ್ನು ಕೇಳುತ್ತದೆ ಎಂಬುದನ್ನು ವೆಗನರನು ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ಅರಿತುಕೊಂಡನು. ಸಮುದ್ರದ ಮೇಲೆ ತೇಲುವ ಮಂಜುಗಡ್ಡೆಯ ಹರವು ಸೀಳುವುದನ್ನೂ, ಸೀಳಿದ ಹೋಳುಗಳು ದೂರ ದೂರ ಸಾಗುವುದನ್ನೂ ಅವನು ಅಲ್ಲಿ ಕಣ್ಣಾರೆ ಕಂಡನು.

೧೯೦೮ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಮಾರ್ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕನಾದನು. ಕಠಿಣ ವಿಷಯಗಳನ್ನು ತಿಳಿಯಾಗಿ ಹೇಳಬಲ್ಲ ಅವನ ಪಾಠಗಳು ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಾದವು. ೧೯೧೦ರ ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಸಹೋದ್ಯೋಗಿಯೊಬ್ಬನಿಗೆ ಉಡುಗೊರೆಯಾಗಿ ಒಂದು ದೊಡ್ಡ ಭೂಪಟಗಳ ಪುಸ್ತಕ ಬಂದಿತು. ಅದರ ಪುಟಗಳನ್ನು ತಿರುವುತ್ತಿದ್ದ ವೆಗನರನ ದೃಷ್ಟಿ ಅಟ್ಲಾಂಟಿಕ್ ಸಾಗರದ ಮೇಲೆ ನಿಂತಿತು. ದಕ್ಷಿಣ ಅಮೆರಿಕದ ಪೂರ್ವ ತೀರದಲ್ಲಿ ಬ್ರೆಜಿಲ್ ದೇಶವು ಹೊರಕ್ಕೆ ಚಾಚಿರುವ ಕಡೆ, ಆಫ್ರಿಕದ ಪಶ್ಚಿಮ ತೀರವು ಅದಕ್ಕೆ ಸರಿಯಾಗಿ ಒಳಕ್ಕೆ ಬಾಗಿದೆ. ಎರಡನ್ನೂ ಹತ್ತಿರ ತಂದರೆ ಒಡೆದ ಮಡಕೆಯ ಹೋಳುಗಳಂತೆ ಕೂಡಿಕೊಳ್ಳುತ್ತವೆ. ಈ ಹೋಲಿಕೆಯನ್ನು ಅವನಿಗಿಂತ ಮೊದಲೂ ಕೆಲವರು ಗಮನಿಸಿದ್ದರು. ನೋಡಿ, ಬೆರಗಾಗಿ, ಸುಮ್ಮನಾಗಿದ್ದರು. ವೆಗನರನೂ ಆ ಕ್ಷಣಕ್ಕೆ ಅದನ್ನು ಬದಿಗಿರಿಸಿದನು.

ಮರುವರ್ಷದ ಶರತ್ಕಾಲದಲ್ಲಿ ಗ್ರಂಥಾಲಯದಲ್ಲಿ ಅವನ ಕೈಗೆ ಒಂದು ಬರೆಹ ಸಿಕ್ಕಿತು. ಬ್ರೆಜಿಲಿನಲ್ಲಿಯೂ ಆಫ್ರಿಕದಲ್ಲಿಯೂ ಒಂದೇ ಬಗೆಯ ಪುರಾತನ ಜೀವಿಗಳ ಪಳೆಯುಳಿಕೆಗಳು ದೊರೆತಿವೆಯೆಂದೂ, ಹಿಂದೆ ಆ ಎರಡು ಖಂಡಗಳ ನಡುವೆ ನೆಲದ ಸೇತುವೆಯೊಂದಿದ್ದು ಅದು ಆಮೇಲೆ ಸಮುದ್ರದಲ್ಲಿ ಮುಳುಗಿರಬೇಕೆಂದೂ ಅದರಲ್ಲಿ ವಿವರಿಸಿತ್ತು. ಅಂದಿನ ಭೂಗರ್ಭಶಾಸ್ತ್ರಜ್ಞರಲ್ಲಿ ಹೆಚ್ಚಿನವರು ನಂಬಿದ್ದುದೇ ಹಾಗೆ. ಭೂಮಿಯು ಮೊದಲು ಕಾದ ಗೋಳವಾಗಿತ್ತು. ಆರುತ್ತ ಆರುತ್ತ ಕುಗ್ಗಿತು. ಒಣಗಿದ ಹಣ್ಣಿನ ಸಿಪ್ಪೆ ಸುಕ್ಕುಗಟ್ಟುವಂತೆ ಅದರ ಮೇಲ್ಮೈ ಸುಕ್ಕುಗಟ್ಟಿ ಪರ್ವತಗಳಾದವು. ಕುಸಿದ ಭಾಗಗಳು ಕಡಲ ತಳಗಳಾದವು ಎಂಬುದು ಅವರ ವಿವರಣೆ. ಇಂದು ನೆಲವಾಗಿರುವುದು ನಾಳೆ ಕುಸಿದು ಸಾಗರವಾದೀತು ಎಂದರೆ ಆ ಮತದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ವೆಗನರನಿಗೆ ಈ ಸೇತುವೆಯ ಕಥೆ ಒಪ್ಪಿಗೆಯಾಗಲಿಲ್ಲ. ನೆಲದ ಸೇತುವೆ ಮುಳುಗಲಾರದು ಎಂಬುದು ಅವನ ವಾದದ ಬುಡ. ಅದು ತಿಳಿಯಬೇಕಾದರೆ ಖಂಡಗಳು ಯಾವ ಶಿಲೆಯಿಂದಾದವು ಎಂಬುದನ್ನು ನೋಡಬೇಕು. ಈ ವಿಷಯದಲ್ಲಿ ಮೊದಲ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಮಹಾ ಭೂಮಾಪನ ನಡೆದಾಗ, ಹಿಮಾಲಯದ ಕಡೆಗೆ ತೂಗುಗುಂಡು ಎಷ್ಟು ವಾಲಬೇಕೆಂದು ಲೆಕ್ಕ ಹೇಳುತ್ತಿತ್ತೋ ಅಷ್ಟು ವಾಲಲಿಲ್ಲ. ಅಷ್ಟು ದೊಡ್ಡ ಪರ್ವತರಾಶಿಯ ಸೆಳೆತ ಎಲ್ಲಿ ಹೋಯಿತು? ಇಂಗ್ಲೆಂಡಿನ ಖಗೋಲವಿಜ್ಞಾನಿ ಏರಿಯು ೧೮೫೫ರಲ್ಲಿ ಇದಕ್ಕೆ ಉತ್ತರವನ್ನು ಸೂಚಿಸಿದನು. ಪರ್ವತಗಳ ಕೆಳಗೆ ಹಗುರವಾದ ಶಿಲೆಯ ಆಳವಾದ ಬೇರು ಇದೆ. ಅದು ಕೆಳಗಿನ ಭಾರವಾದ ಪದಾರ್ಥದಲ್ಲಿ ಇಳಿದು, ನೀರಿನಲ್ಲಿ ಮರದ ದಿಮ್ಮಿ ತೇಲುವಂತೆ ತೇಲುತ್ತಿದೆ ಎಂಬುದೇ ಆ ಉತ್ತರ. ಮುಂದೆ ಆಸ್ಟ್ರಿಯದ ಭೂವಿಜ್ಞಾನಿ ಸೂಯೆಸ್ಸನು ಭೂಮಿಯ ಶಿಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು. ಸಿಲಿಕಾನ್, ಅಲ್ಯುಮಿನಿಯಮ್ಮುಗಳು ಹೆಚ್ಚಾಗಿರುವ ಗ್ರಾನೈಟಿನಂಥ ಹಗುರ ಶಿಲೆಯ ಪದರ ಒಂದು. ಇದಕ್ಕೆ ಸಿಯಾಲ್ ಎಂಬ ಹೆಸರು ರೂಢಿಗೆ ಬಂದಿತು. ಸಿಲಿಕಾನ್, ಮೆಗ್ನೀಸಿಯಮ್ಮುಗಳು ಹೆಚ್ಚಾಗಿರುವ ಬಸಾಲ್ಟಿನಂಥ ಭಾರವಾದ ಶಿಲೆಯ ಪದರ ಇನ್ನೊಂದು, ಅದು ಸಿಮಾ. ಖಂಡಗಳು ಮೊದಲನೆಯದರಿಂದಾದವು. ಅವುಗಳ ಸಾಂದ್ರತೆ ನೀರಿನ ೨.೭ರಷ್ಟಾದರೆ, ಕಡಲ ತಳದ ಶಿಲೆಯದು ಸುಮಾರು ೩ರಷ್ಟು.

ವೆಗನರನು ಈ ಎರಡು ಸಂಗತಿಗಳನ್ನು ಜೋಡಿಸಿದನು. ಹಗುರವಾದ ದಿಮ್ಮಿಯು ಭಾರವಾದ ದ್ರವದಲ್ಲಿ ಮುಳುಗಿ ಮರೆಯಾಗುವುದು ಹೇಗೆ ಸಾಧ್ಯವಿಲ್ಲವೋ, ಹಾಗೆಯೇ ಖಂಡದಷ್ಟು ವಿಶಾಲವಾದ ನೆಲವು ಸಾಗರದಲ್ಲಿ ಮುಳುಗಿ ಅದರ ತಳವಾಗುವುದೂ ಸಾಧ್ಯವಿಲ್ಲ. ಭೂಮಿಯ ಮೇಲ್ಮೈಯ ಎತ್ತರಗಳನ್ನು ಲೆಕ್ಕ ಹಾಕಿದರೆ ಇದಕ್ಕೆ ಬೆಂಬಲ ದೊರೆಯುತ್ತದೆ ಎಂಬುದನ್ನೂ ಅವನು ತೋರಿಸಿದನು. ನೆಲದ ಬಹುಭಾಗವು ಸಮುದ್ರಮಟ್ಟದ ಸಮೀಪದಲ್ಲಿದೆ. ಸಾಗರತಳದ ಬಹುಭಾಗವು ಅದಕ್ಕಿಂತ ನಾಲ್ಕೈದು ಕಿಲೋಮೀಟರ್ ಕೆಳಗಿದೆ. ಇವೆರಡರ ನಡುವಣ ಮಟ್ಟದಲ್ಲಿರುವ ಪ್ರದೇಶ ಕಡಿಮೆ. ಒಂದೇ ಬಗೆಯ ಶಿಲೆಯ ಪದರವು ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಕುಸಿದಿದ್ದರೆ ಎಲ್ಲ ಎತ್ತರಗಳೂ ಬೆರೆತಿರಬೇಕಾಗಿತ್ತು. ಹಾಗಿಲ್ಲದೆ ಎರಡು ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆಯೆಂದರೆ, ಎರಡರ ಶಿಲೆಯೂ ಬೇರೆ ಬೇರೆಯೆಂದೇ ಅರ್ಥ.

ಇನ್ನೊಂದು ಪ್ರಮಾಣ ಸ್ಕ್ಯಾಂಡಿನೇವಿಯದಿಂದ ದೊರೆಯಿತು. ಹಿಮಯುಗದಲ್ಲಿ ಆ ನಾಡಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪವಾದ ಮಂಜುಗಡ್ಡೆ ಕವಿದಿತ್ತು. ಅದರ ಭಾರಕ್ಕೆ ನೆಲ ಕೆಳಗಿಳಿಯಿತು. ಮಂಜು ಕರಗಿ ಸಾವಿರಾರು ವರ್ಷಗಳಾದರೂ ನೆಲ ಇನ್ನೂ ಮೇಲೇಳುತ್ತಲೇ ಇದೆ. ಕೆಲವೆಡೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಸರಕನ್ನಿಳಿಸಿದ ದೋಣಿ ಮೇಲೇಳುವಂತೆಯೇ ಇದು. ದೋಣಿಯೇನೋ ಕ್ಷಣದಲ್ಲಿ ಏಳುತ್ತದೆ. ಖಂಡಕ್ಕೆ ಸಾವಿರಾರು ವರ್ಷಗಳು ಬೇಕು. ಕೆಳಗಿನ ಶಿಲೆ ಕಲ್ಲಿನಂತೆಯೇ ಗಟ್ಟಿಯಾಗಿದ್ದರೂ ದೀರ್ಘಕಾಲದ ಒತ್ತಡಕ್ಕೆ ಮೇಣದಂತೆ ಮಣಿಯುತ್ತದೆಯೆಂಬುದು ಇದರಿಂದ ಸಿದ್ಧವಾಯಿತು. ಹಾಗೆ ಮಣಿಯುವ ಪದಾರ್ಥದಲ್ಲಿ ಖಂಡವು ಮೇಲಕ್ಕೂ ಕೆಳಕ್ಕೂ ಚಲಿಸಬಲ್ಲುದಾದರೆ, ಪಕ್ಕಕ್ಕೆ ಏಕೆ ಚಲಿಸಬಾರದು? ವೆಗನರನ ಇಡೀ ಸಿದ್ಧಾಂತವು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಸೇತುವೆ ಮುಳುಗಲಿಲ್ಲ, ಖಂಡಗಳೇ ದೂರ ಸರಿದವು ಎಂದು ಹಿಡಿದು ನೋಡಿದರೆ, ಬಿಡಿಬಿಡಿಯಾಗಿದ್ದ ಎಷ್ಟೋ ಸಂಗತಿಗಳು ಒಂದಕ್ಕೊಂದು ಹೊಂದಿಕೊಂಡವು. ಮೀಸೋಸಾರಸ್ ಎಂಬ ಚಿಕ್ಕ ಜಲವಾಸಿ ಸರೀಸೃಪದ ಮೂಳೆಗಳು ದಕ್ಷಿಣ ಅಮೆರಿಕದಲ್ಲಿಯೂ ಆಫ್ರಿಕದ ದಕ್ಷಿಣ ಭಾಗದಲ್ಲಿಯೂ ದೊರೆಯುತ್ತವೆ, ಬೇರೆಲ್ಲಿಯೂ ಇಲ್ಲ. ಅಷ್ಟು ಸಣ್ಣ ಪ್ರಾಣಿ ಮಹಾಸಾಗರವನ್ನು ಈಜಿ ದಾಟಿತೆಂದು ನಂಬುವುದು ಕಷ್ಟ. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆಗಳ ಅಚ್ಚುಗಳು ಭಾರತದ ಕಲ್ಲಿದ್ದಲ ಗಣಿಗಳಲ್ಲಿರುವಂತೆಯೇ ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿಯೂ ಇವೆ. ಮಧ್ಯಭಾರತದ ಗೊಂಡ ಜನರ ನಾಡಿನ ಹೆಸರನ್ನೇ ತೆಗೆದುಕೊಂಡು, ಈ ದಕ್ಷಿಣದ ಭೂಭಾಗಗಳ ಪುರಾತನ ಕೂಟಕ್ಕೆ ಸೂಯೆಸ್ಸನು ಗೊಂಡ್ವಾನಾಲ್ಯಾಂಡ್ ಎಂದು ಹೆಸರಿಟ್ಟಿದ್ದನು. ಇವೇ ನಾಡುಗಳಲ್ಲಿ, ಸುಮಾರು ೩೦ ಕೋಟಿ ವರ್ಷಗಳ ಹಿಂದೆ ಹಿಮನದಿಗಳು ಉಜ್ಜಿ ಗೀರಿದ ಬಂಡೆಗಳು ಸಿಕ್ಕಿವೆ. ಇಂದು ಬಿಸಿಲಿನಿಂದ ಬೇಯುವ ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಹಿಮನದಿಗಳು ಹರಿದಿರಬೇಕಾದರೆ ಅವು ಆಗ ದಕ್ಷಿಣ ಧ್ರುವದ ಸುತ್ತ ನೆರೆದಿದ್ದಿರಬೇಕು. ಉಷ್ಣವಲಯದ ಗಿಡಮರಗಳಿಂದಾದ ಕಲ್ಲಿದ್ದಲು ಧ್ರುವದ ಸಮೀಪದ ದ್ವೀಪಗಳಲ್ಲಿ ದೊರೆಯುವುದಕ್ಕೂ ಇದೇ ಸಮಾಧಾನ. ಹರಿದ ವೃತ್ತಪತ್ರಿಕೆಯ ಅಂಚುಗಳನ್ನು ಕೂಡಿಸಿದಾಗ ಅಚ್ಚಿನ ಸಾಲುಗಳೂ ಈ ಚೂರಿನಿಂದ ಆ ಚೂರಿಗೆ ಮುರಿಯದೆ ಮುಂದುವರಿದರೆ, ಅವೆರಡೂ ಒಂದೇ ಹಾಳೆಯೆಂದು ಒಪ್ಪಲೇಬೇಕಲ್ಲವೆ ಎಂಬುದು ವೆಗನರನ ವಾದವಾಗಿತ್ತು.

೧೯೧೨ರ ಜನವರಿ ೬ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಭೂವಿಜ್ಞಾನಿಗಳ ಸಭೆಯ ಮುಂದೆ ಅವನು ಈ ವಿಚಾರವನ್ನು ಮೊದಲ ಬಾರಿಗೆ ಮಂಡಿಸಿದನು. ಆಗ ಅವನಿಗೆ ೩೧ ವರ್ಷ. ಸಭೆ ಮೆಚ್ಚಲಿಲ್ಲ. ಅವನು ವಾದಕ್ಕೆ ನಿಲ್ಲದೆ ಅದೇ ವರ್ಷ ಎರಡನೆಯ ಬಾರಿ ಗ್ರೀನ್‌ಲ್ಯಾಂಡಿಗೆ ಹೊರಟನು. ಡೆನ್ಮಾರ್ಕಿನ ಕಾಖ್ ಎಂಬ ಸಾಹಸಿಯೂ ಇನ್ನಿಬ್ಬರೂ ಅವನ ಜೊತೆಗಿದ್ದರು. ಐಸ್‌ಲ್ಯಾಂಡಿನ ತಟ್ಟು ಕುದುರೆಗಳ ಮೇಲೆ ಸಾಮಗ್ರಿಯನ್ನು ಹೇರಿಕೊಂಡು, ಹಿಮದ ಮೇಲೆಯೇ ಚಳಿಗಾಲವನ್ನು ಕಳೆದು, ದ್ವೀಪದ ಅತ್ಯಂತ ಅಗಲವಾದ ಭಾಗವನ್ನು ಆ ನಾಲ್ವರು ೧೯೧೩ರಲ್ಲಿ ದಾಟಿದರು. ನಾನ್ಸೆನ್ನನು ೧೮೮೮ರಲ್ಲಿ ದಾಟಿದ ದೂರಕ್ಕಿಂತ ಇದು ಇಮ್ಮಡಿ. ಕಾಖ್‌ನು ಹಿಮದ ಬಿರುಕಿನಲ್ಲಿ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದನು. ಪಶ್ಚಿಮ ತೀರವನ್ನು ಸೇರುವ ಹೊತ್ತಿಗೆ ಆಹಾರ ತೀರಿ, ಕಡೆಯ ಕುದುರೆಯನ್ನೂ ನಾಯಿಯನ್ನೂ ಕೊಂದು ತಿನ್ನಬೇಕಾಯಿತು. ಅದೃಷ್ಟವಶದಿಂದ ದೋಣಿಯಲ್ಲಿ ಸಾಗುತ್ತಿದ್ದ ಪಾದ್ರಿಯೊಬ್ಬನ ಕಣ್ಣಿಗೆ ಬಿದ್ದು ಬದುಕಿಕೊಂಡರು.

ಊರಿಗೆ ಮರಳಿದ ವೆಗನರನು ಪ್ರಸಿದ್ಧ ಹವಾಮಾನಶಾಸ್ತ್ರಜ್ಞ ಕೊಪೆನ್ನನ ಮಗಳಾದ ಎಲ್ಸೆಯನ್ನು ವಿವಾಹವಾದನು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಸೈನ್ಯದ ಮೀಸಲು ಅಧಿಕಾರಿಯಾಗಿದ್ದ ಅವನು ಬೆಲ್ಜಿಯಮ್ಮಿನ ರಣರಂಗದಲ್ಲಿ ಎರಡು ಸಲ ಗಾಯಗೊಂಡನು. ಗಾಯ ಮಾಯುವವರೆಗೆ ದೊರೆತ ಬಿಡುವಿನಲ್ಲಿ ತನ್ನ ವಿಚಾರಗಳನ್ನು ಪುಸ್ತಕವಾಗಿ ಬರೆದನು. ಖಂಡಗಳ ಮತ್ತು ಸಾಗರಗಳ ಉತ್ಪತ್ತಿಯನ್ನು ಕುರಿತ ಆ ಗ್ರಂಥ ೧೯೧೫ರಲ್ಲಿ ಪ್ರಕಟವಾಯಿತು. ಅದರ ಪುಟಗಳು ಕೇವಲ ೯೪. ತೋಪುಗಳ ಸದ್ದಿನಲ್ಲಿ ಅದನ್ನು ಗಮನಿಸಿದವರು ವಿರಳ. ಯುದ್ಧಾನಂತರ ಅವನು ಅದನ್ನು ಮತ್ತೆ ಮತ್ತೆ ತಿದ್ದಿ ಹಿಗ್ಗಿಸಿ ೧೯೨೦, ೧೯೨೨ ಮತ್ತು ೧೯೨೯ರಲ್ಲಿ ಹೊಸ ಆವೃತ್ತಿಗಳನ್ನು ಹೊರತಂದನು. ಮೂರನೆಯ ಆವೃತ್ತಿಯು ಇತರ ಭಾಷೆಗಳಿಗೆ ಅನುವಾದಗೊಂಡಾಗ ವಿರೋಧದ ಬಿರುಗಾಳಿ ಎದ್ದಿತು.

ಹೊರಗಿನವನೊಬ್ಬನು ತಮ್ಮ ಕ್ಷೇತ್ರಕ್ಕೆ ನುಗ್ಗಿ ಬುಡವನ್ನೇ ಅಲುಗಿಸುತ್ತಿದ್ದಾನೆಂಬ ಅಸಮಾಧಾನವು ಈ ವಿರೋಧದಲ್ಲಿ ಬೆರೆತಿತ್ತೆಂಬುದು ನಿಜ. ಆದರೆ ವಿರೋಧಿಗಳೆಲ್ಲರೂ ಅಸೂಯಾಪರರು, ಮೂಢರು ಎಂದು ತಿಳಿಯುವುದು ನ್ಯಾಯವಲ್ಲ. ಅವರು ಕೇಳಿದ ಮುಖ್ಯ ಪ್ರಶ್ನೆಗೆ ವೆಗನರನಲ್ಲಿ ಉತ್ತರವಿರಲಿಲ್ಲ. ಖಂಡದಂಥ ಮಹಾರಾಶಿಯನ್ನು ತಳ್ಳುವ ಶಕ್ತಿ ಯಾವುದು? ಭೂಮಿಯ ಪರಿಭ್ರಮಣದಿಂದ ಹುಟ್ಟುವ ಬಲವನ್ನೂ, ಸೂರ್ಯಚಂದ್ರರ ಸೆಳೆತವನ್ನೂ ಅವನು ಕಾರಣವಾಗಿ ಸೂಚಿಸಿದನು. ಇಂಗ್ಲೆಂಡಿನ ಗಣಿತಜ್ಞ ಜೆಫ್ರಿಸನು ಲೆಕ್ಕ ಮಾಡಿ, ಆ ಬಲಗಳು ಈ ಕೆಲಸಕ್ಕೆ ಏನೇನೂ ಸಾಲವೆಂದು ತೋರಿಸಿದನು. ಆ ಲೆಕ್ಕ ಸರಿಯಾಗಿಯೇ ಇತ್ತು. ಗ್ರೀನ್‌ಲ್ಯಾಂಡು ಯೂರೋಪಿನಿಂದ ಪ್ರತಿವರ್ಷ ಹಲವಾರು ಮೀಟರುಗಳಷ್ಟು ದೂರ ಸರಿಯುತ್ತಿದೆಯೆಂದು ವೆಗನರನು ಹಳೆಯ ರೇಖಾಂಶಗಳ ಅಳತೆಗಳಿಂದ ನಂಬಿದ್ದನು. ಅದೂ ಅಳತೆಯ ದೋಷವೇ ಆಗಿತ್ತು. ೧೯೨೬ರಲ್ಲಿ ನ್ಯೂಯಾರ್ಕಿನಲ್ಲಿ ಈ ಸಿದ್ಧಾಂತದ ಚರ್ಚೆಗಾಗಿಯೇ ಒಂದು ಸಭೆ ಸೇರಿತು. ಮಾತನಾಡಿದವರಲ್ಲಿ ಹೆಚ್ಚಿನವರು ಅದನ್ನು ಖಂಡಿಸಿದರು.

ಚಲನೆಯ ಕಾರಣ ತಿಳಿಯದೆಂದ ಮಾತ್ರಕ್ಕೆ ಚಲನೆಯೇ ಇಲ್ಲವೆಂದಾಗದು ಎಂಬುದನ್ನು ವೆಗನರನು ದೃಢವಾಗಿ ನಂಬಿದ್ದನು. ಸಮರ್ಥವಾದ ಕಾರಣವನ್ನು ಕಂಡುಹಿಡಿಯುವವನು ಇನ್ನೂ ಹುಟ್ಟಿಬಂದಿಲ್ಲವೆಂದು ಕಡೆಯ ಆವೃತ್ತಿಯಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡನು. ತನ್ನ ನಾಡಿನಲ್ಲಿ ಅವನಿಗೆ ಪ್ರಾಧ್ಯಾಪಕ ಪದವಿ ಬಹುಕಾಲ ದೊರೆಯಲಿಲ್ಲ. ಕಡೆಗೆ ೧೯೨೪ರಲ್ಲಿ ಆಸ್ಟ್ರಿಯದ ಗ್ರಾಜ್ ವಿಶ್ವವಿದ್ಯಾನಿಲಯವು ಅವನನ್ನು ಕರೆಯಿತು. ಪತ್ನಿಯೊಡನೆಯೂ ಮೂವರು ಹೆಣ್ಣುಮಕ್ಕಳೊಡನೆಯೂ ಅಲ್ಲಿ ಅವನು ಕಳೆದ ವರ್ಷಗಳು ನೆಮ್ಮದಿಯವು. ಅದೇ ವರ್ಷ ಮಾವನೊಡನೆ ಸೇರಿ ಪುರಾತನ ಯುಗಗಳ ಹವಾಗುಣವನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದನು.

ಆದರೆ ಗ್ರೀನ್‌ಲ್ಯಾಂಡು ಅವನನ್ನು ಬಿಡಲಿಲ್ಲ. ೧೯೩೦ರಲ್ಲಿ ಒಂದು ದೊಡ್ಡ ತಂಡದ ನಾಯಕನಾಗಿ ಅವನು ಮತ್ತೆ ಅಲ್ಲಿಗೆ ಹೋದನು. ಪೂರ್ವ ತೀರದಲ್ಲಿ ಒಂದು, ಪಶ್ಚಿಮ ತೀರದಲ್ಲಿ ಒಂದು, ನಟ್ಟನಡುವೆ ಒಂದು ಹೀಗೆ ಮೂರು ನೆಲೆಗಳಲ್ಲಿ ವರ್ಷವಿಡೀ ಹವೆಯನ್ನು ವೀಕ್ಷಿಸುವುದು, ಸ್ಫೋಟಗಳ ಅಲೆಗಳಿಂದ ಮಂಜುಗಡ್ಡೆಯ ದಪ್ಪವನ್ನು ಅಳೆಯುವುದು, ನೆಲದ ಗುರುತ್ವವನ್ನು ಪರೀಕ್ಷಿಸುವುದು ಅವನ ಉದ್ದೇಶವಾಗಿತ್ತು. ನಡುವಣ ನೆಲೆಗೆ ಹಿಮಮಧ್ಯವೆಂಬ ಅರ್ಥ ಕೊಡುವ ಐಸ್‌ಮಿಟ್ಟೆ ಎಂಬ ಹೆಸರಾಯಿತು. ಪಶ್ಚಿಮ ತೀರದಿಂದ ಸುಮಾರು ೪೦೦ ಕಿಲೋಮೀಟರ್ ಒಳಗೆ, ೩೦೦೦ ಮೀಟರ್ ಎತ್ತರದಲ್ಲಿ ಅದು ಇತ್ತು. ಆದರೆ ಆ ವರ್ಷ ಬಂದರಿನ ಮಂಜು ಕರಗುವುದು ತಡವಾಗಿ, ಸಾಮಗ್ರಿಯನ್ನು ಇಳಿಸುವುದರಲ್ಲಿಯೇ ಐದಾರು ವಾರಗಳು ವ್ಯರ್ಥವಾದವು. ಎಂಜಿನ್ನುಗಳಿಂದ ಓಡುವ ಹೊಸ ಬಗೆಯ ಜಾರುಬಂಡಿಗಳೂ ಹಿಮದ ಮೇಲೆ ಕೈಕೊಟ್ಟವು. ಗಿಯೋರ್ಗಿ, ಸೋರ್ಗೆ ಎಂಬ ಇಬ್ಬರು ವಿಜ್ಞಾನಿಗಳು ಐಸ್‌ಮಿಟ್ಟೆಯಲ್ಲಿ ಸಾಲದ ಎಣ್ಣೆ, ಸಾಲದ ಆಹಾರಗಳೊಡನೆ ಉಳಿದಿದ್ದರು. ಅಕ್ಟೋಬರ್ ೨೦ರ ಒಳಗೆ ಸರಬರಾಯಿ ಬಾರದಿದ್ದರೆ ತಾವು ಕೈಬಂಡಿಯನ್ನೆಳೆದುಕೊಂಡು ನಡೆದೇ ಹೊರಡುವುದಾಗಿ ಅವರು ಪತ್ರ ಕಳಿಸಿದರು. ಆ ಕಾಲದಲ್ಲಿ ಹಾಗೆ ಹೊರಡುವುದೆಂದರೆ ಸಾವನ್ನು ಹುಡುಕಿಕೊಂಡು ಹೋದಂತೆ. ಅವರ ನೆಲೆಯಲ್ಲಿ ನಿಸ್ತಂತು ಸಾಧನವಿಲ್ಲದುದರಿಂದ ತಡೆದು ನಿಲ್ಲಿಸುವ ಮಾರ್ಗವೂ ಇರಲಿಲ್ಲ.

ತಂಡದ ನಾಯಕನಾದ ವೆಗನರನು ಬೇರೆಯವರನ್ನು ಕಳಿಸದೆ ತಾನೇ ಹೊರಟನು. ಸೆಪ್ಟೆಂಬರ್ ತಿಂಗಳ ಉತ್ತರಾರ್ಧದಲ್ಲಿ, ಲೋವೆ ಎಂಬ ಸಹೋದ್ಯೋಗಿಯೊಡನೆಯೂ ಹದಿಮೂರು ಮಂದಿ ಗ್ರೀನ್‌ಲ್ಯಾಂಡಿಗರೊಡನೆಯೂ ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಸಾಮಗ್ರಿಯನ್ನು ಹೇರಿಕೊಂಡು ಪ್ರಯಾಣ ಆರಂಭವಾಯಿತು. ಹಿಂದಿನವರು ನೆಟ್ಟ ದಾರಿಯ ಗುರುತುಗಳು ಹಿಮದಲ್ಲಿ ಹೂತುಹೋಗಿದ್ದವು. ಚಳಿ ಸೊನ್ನೆಗಿಂತ ೫೦ ಡಿಗ್ರಿಗಳಿಗೂ ಕೆಳಗಿಳಿಯಿತು. ಆ ನೆಲದಲ್ಲಿಯೇ ಹುಟ್ಟಿ ಬೆಳೆದ ಗ್ರೀನ್‌ಲ್ಯಾಂಡಿಗರು ಅಪಾಯವನ್ನು ಚೆನ್ನಾಗಿ ಬಲ್ಲವರು. ಒಬ್ಬೊಬ್ಬರಾಗಿ ಹನ್ನೆರಡು ಮಂದಿ ಹಿಂದಿರುಗಿದರು. ರಾಸ್ಮುಸ್ ವಿಲ್ಲುಮ್ಸೆನ್ ಎಂಬ ಇಪ್ಪತ್ತಮೂರರ ಯುವಕನೊಬ್ಬನು ಮಾತ್ರ ಉಳಿದನು. ಹೊರೆಯನ್ನು ದಾರಿಯುದ್ದಕ್ಕೂ ಇಳಿಸುತ್ತ, ಸುಮಾರು ನಲವತ್ತು ದಿನಗಳ ನಂತರ, ಅಕ್ಟೋಬರ್ ೩೦ರಂದು ಮೂವರೂ ಐಸ್‌ಮಿಟ್ಟೆಯನ್ನು ಸೇರಿದರು. ಅವರ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಅಲ್ಲಿದ್ದವರಾದರೋ ಹಿಮದಲ್ಲಿ ಗುಹೆಯನ್ನು ತೋಡಿ, ಇದ್ದುದರಲ್ಲಿಯೇ ಚಳಿಗಾಲವನ್ನು ಕಳೆಯಲು ಆಗಲೇ ನಿರ್ಧರಿಸಿಬಿಟ್ಟಿದ್ದರು. ಲೋವೆಯ ಕಾಲ್ಬೆರಳುಗಳು ಹೆಪ್ಪುಗಟ್ಟಿ ಕೊಳೆತಿದ್ದವು; ಬೇರೆ ಉಪಕರಣವಿಲ್ಲದೆ ಜೇಬಿನ ಚಾಕುವಿನಿಂದಲೇ ಅವನ್ನು ಕತ್ತರಿಸಿ ತೆಗೆಯಬೇಕಾಯಿತು.

ಐವರಿಗೆ ಸಾಲುವಷ್ಟು ಆಹಾರ ಅಲ್ಲಿರಲಿಲ್ಲ. ನಡೆಯಲಾರದ ಲೋವೆಯನ್ನು ಅಲ್ಲಿಯೇ ಬಿಟ್ಟು, ಎರಡು ದಿನಗಳ ವಿಶ್ರಾಂತಿಯ ನಂತರ ವೆಗನರನೂ ರಾಸ್ಮುಸನೂ ಹದಿನೇಳು ನಾಯಿಗಳೊಡನೆ ಪಶ್ಚಿಮ ತೀರದ ಕಡೆಗೆ ಹಿಂದಿರುಗಿ ಹೊರಟರು. ಅಂದು ನವೆಂಬರ್ ೧. ವೆಗನರನಿಗೆ ಐವತ್ತು ತುಂಬಿದ ದಿನ. ಅವರನ್ನು ಬೀಳ್ಕೊಟ್ಟವರು ಅವರು ತೀರವನ್ನು ತಲುಪಿದರೆಂದು ತಿಳಿದಿದ್ದರು. ತೀರದಲ್ಲಿದ್ದವರು ಅವರು ಐಸ್‌ಮಿಟ್ಟೆಯಲ್ಲಿಯೇ ಉಳಿದರೆಂದು ತಿಳಿದಿದ್ದರು. ನಿಜಸಂಗತಿ ವಸಂತಕಾಲದವರೆಗೆ ಯಾರಿಗೂ ತಿಳಿಯಲಿಲ್ಲ.

೧೯೩೧ರ ಮೇ ೧೨ರಂದು, ಎರಡು ನೆಲೆಗಳ ನಡುದಾರಿಯಲ್ಲಿ, ಹಿಮದಲ್ಲಿ ನೆಟ್ಟಗೆ ನಿಲ್ಲಿಸಿದ್ದ ಒಂದು ಜೊತೆ ಜಾರುಹಲಗೆಗಳ ಬಳಿ ಅಗೆದಾಗ ವೆಗನರನ ದೇಹ ದೊರೆಯಿತು. ಹೊದಿಕೆಗಳಲ್ಲಿ ಸುತ್ತಿ, ತುಪ್ಪುಳದ ಚರ್ಮವನ್ನು ಹಾಸಿ, ಅದನ್ನು ಬಹು ಜತನದಿಂದ ಹೂಳಲಾಗಿತ್ತು. ಅತಿಶ್ರಮದಿಂದ ಹೃದಯ ನಿಂತುಹೋಗಿ ಸತ್ತಿರಬೇಕೆಂದು ಕಂಡವರು ಊಹಿಸಿದರು. ಒಡೆಯನ ದಿನಚರಿಯನ್ನು ತೆಗೆದುಕೊಂಡು ಒಬ್ಬನೇ ಮುಂದೆ ಸಾಗಿದ ರಾಸ್ಮುಸನ ಸುಳಿವು ಎಂದೂ ಸಿಗಲಿಲ್ಲ. ಚರಿತ್ರೆಯ ಪುಟಗಳಲ್ಲಿ ವೆಗನರನ ಹೆಸರಿನಷ್ಟು ದೊಡ್ಡ ಅಕ್ಷರಗಳಲ್ಲಿ ಈ ಯುವಕನ ಹೆಸರು ಕಾಣದಿದ್ದರೂ, ಆ ಸಮಾಧಿಯನ್ನು ತೋಡಿದ ಕೈಗಳು ಅವನವು. ತಂಡದವರು ವೆಗನರನ ದೇಹವನ್ನು ಅಲ್ಲಿಯೇ ಹಿಮದಲ್ಲಿ ಬಿಟ್ಟು, ಗುರುತಿಗಾಗಿ ಕಬ್ಬಿಣದ ಶಿಲುಬೆಯೊಂದನ್ನು ನೆಟ್ಟರು. ವರ್ಷವರ್ಷವೂ ಸುರಿಯುವ ಹಿಮ ಅದನ್ನೂ ಮುಚ್ಚಿತು. ಅಣ್ಣ ಕುರ್ಟನು ಬಂದು ತಂಡದ ಉಳಿದ ಕೆಲಸವನ್ನು ಮುಗಿಸಿದನು. ಐಸ್‌ಮಿಟ್ಟೆಯಲ್ಲಿದ್ದ ಮೂವರೂ ಬದುಕಿ ಬಂದರು.

ವೆಗನರನೊಡನೆ ಅವನ ಸಿದ್ಧಾಂತವೂ ಹಿಮದಲ್ಲಿ ಹೂತುಹೋಯಿತೆಂದೇ ಹಲವರು ಭಾವಿಸಿದರು. ದಕ್ಷಿಣ ಆಫ್ರಿಕದ ದು ತ್ವಾ ಮೊದಲಾದ ಕೆಲವೇ ಭೂವಿಜ್ಞಾನಿಗಳು ಅದನ್ನು ಕೈಬಿಡದೆ ಸಾಕ್ಷ್ಯಗಳನ್ನು ಕೂಡಿಸುತ್ತಿದ್ದರು. ಭೂಮಿಯ ಒಳಗಿನ ಶಾಖದಿಂದ ಆಳದ ಶಿಲೆಯು, ಕುದಿಯುವ ನೀರು ಪಾತ್ರೆಯಲ್ಲಿ ಮೇಲೆ ಕೆಳಗೆ ಸುಳಿಯುವಂತೆ, ಅತಿ ನಿಧಾನವಾಗಿ ಸುಳಿಯುತ್ತಿರಬಹುದೆಂದೂ, ಆ ಪ್ರವಾಹವೇ ಖಂಡಗಳನ್ನು ಹೊತ್ತೊಯ್ಯುತ್ತಿರಬಹುದೆಂದೂ ಬ್ರಿಟನ್ನಿನ ಆರ್ಥರ್ ಹೋಮ್ಸನು ೧೯೩೧ರಲ್ಲಿ ಬರೆದನು. ಆ ಮಾತನ್ನು ಕೂಡ ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಕ್ಷ್ಯ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಕಾದ ಲಾವಾರಸ ಆರಿ ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಭೂಮಿಯ ಕಾಂತಬಲದ ದಿಕ್ಕನ್ನು ಹಿಡಿದು ನಿಲ್ಲುತ್ತವೆ. ಅವು ಎಷ್ಟು ಓರೆಯಾಗಿವೆಯೆಂಬುದನ್ನು ಅಳೆದರೆ ಆ ಕಲ್ಲು ಹುಟ್ಟಿದಾಗ ಯಾವ ಅಕ್ಷಾಂಶದಲ್ಲಿತ್ತೆಂಬುದು ತಿಳಿಯುತ್ತದೆ. ೧೯೫೦ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿಗಳು ನಮ್ಮ ದಖನ್ ಪ್ರಸ್ಥಭೂಮಿಯ ಕಪ್ಪು ಶಿಲೆಗಳನ್ನು ಹೀಗೆ ಪರೀಕ್ಷಿಸಿದರು. ಬೆಳಗಾವಿ, ವಿಜಾಪುರ, ಬೀದರ್ ಜಿಲ್ಲೆಗಳವರೆಗೂ ಹಬ್ಬಿರುವ ಈ ಶಿಲೆ ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಲಾವಾ ಆಗಿ 	ಉಕ್ಕಿದಾಗ, ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕಿತ್ತೆಂದು ಕಲ್ಲುಗಳೇ ಸಾರಿದವು. ೧೯೬೦ರ ದಶಕದಲ್ಲಿ ಕಡಲ ತಳದ ನಡುವಣ ಬೆಟ್ಟಸಾಲುಗಳಲ್ಲಿ ಹೊಸ ಶಿಲೆ ಹುಟ್ಟಿ ಇಬ್ಬದಿಗೂ ಹರಡುತ್ತದೆಯೆಂಬುದು ಸಿದ್ಧವಾಯಿತು. ವೆಗನರನು ತಿಳಿದಂತೆ ಖಂಡಗಳು ಸಾಗರತಳವನ್ನು ಸೀಳಿಕೊಂಡು ಹೋಗುವುದಿಲ್ಲ; ಖಂಡವನ್ನೂ ಸಾಗರತಳವನ್ನೂ ಒಟ್ಟಿಗೆ ಹೊತ್ತ ದೊಡ್ಡ ಫಲಕಗಳು ಸರಿಯುತ್ತವೆ. ೧೯೬೯ರಲ್ಲಿ ಅಂಟಾರ್ಕ್ಟಿಕದ ಹಿಮದ ನಡುವಿನ ಬಂಡೆಗಳಲ್ಲಿ, ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಮೊದಲೇ ದೊರೆತಿದ್ದ ಲಿಸ್ಟ್ರೋಸಾರಸ್ ಎಂಬ ನೆಲದ ಪ್ರಾಣಿಯ ಮೂಳೆಗಳು ಸಿಕ್ಕಾಗ ಉಳಿದಿದ್ದ ಸಂದೇಹವೂ ಬಹುಮಟ್ಟಿಗೆ ತೀರಿತು.

ಆದರೆ ಅವನ ವಾದದ ಬುಡ ಇಂದಿಗೂ ಗಟ್ಟಿಯಾಗಿದೆ. ಖಂಡಗಳ ಶಿಲಾಕವಚದ ದಪ್ಪ ಸರಾಸರಿ ೩೫ರಿಂದ ೪೦ ಕಿಲೋಮೀಟರ್. ಟಿಬೆಟ್ಟಿನ ಕೆಳಗೆ ಸುಮಾರು ೭೦ ಕಿಲೋಮೀಟರ್. ಕಡಲ ತಳದ್ದು ಏಳರ ಆಸುಪಾಸು. ಕಡಲ ತಳದ ಭಾರವಾದ ಶಿಲೆ ಫಲಕಗಳ ಅಂಚಿನಲ್ಲಿ ಮತ್ತೆ ಭೂಗರ್ಭಕ್ಕೆ ಇಳಿದುಹೋಗುವುದರಿಂದ ಅದರ ವಯಸ್ಸು ಬಹುಮಟ್ಟಿಗೆ ೨೦ ಕೋಟಿ ವರ್ಷಗಳನ್ನು ಮೀರುವುದಿಲ್ಲ. ಖಂಡಗಳ ಹಗುರ ಶಿಲೆ ಮುಳುಗದೆ ಉಳಿಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಕೆನಡಾದಲ್ಲಿ ೪೦೦ ಕೋಟಿ ವರ್ಷಗಳ ಶಿಲೆ ಇದೆ. ಉಡುಪಿಯ ಬಳಿ, ಮಲ್ಪೆಯ ಎದುರಿಗೆ ಇರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಗಳಂತೆ ಸೀಳಿ ನಿಂತಿರುವ ಕಲ್ಲುಗಳು, ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸದಿಂದ ಆದವು.

ವೆಗನರನ ಪತ್ನಿ ಎಲ್ಸೆಯು ನೂರು ವರ್ಷ ಬಾಳಿ ೧೯೯೨ರಲ್ಲಿ ತೀರಿಕೊಂಡಳು. ಗಂಡನ ಸಿದ್ಧಾಂತವನ್ನು ಶಾಲೆಯ ಮಕ್ಕಳು ಪಾಠವಾಗಿ ಓದುವುದನ್ನು ಅವಳು ಕಂಡಳು. ಅವನು ಗ್ರೀನ್‌ಲ್ಯಾಂಡಿನಲ್ಲಿ ಅಳೆಯಲು ಹಂಬಲಿಸಿದ ಚಲನೆಯನ್ನು ಈಗ ಕೃತಕ ಉಪಗ್ರಹಗಳು ಅಳೆಯುತ್ತಿವೆ. ಅದು ಅವನು ಎಣಿಸಿದಂತೆ ವರ್ಷಕ್ಕೆ ಮೀಟರುಗಳ ಲೆಕ್ಕದ್ದಲ್ಲ. ಸುಮಾರು ಎರಡು ಸೆಂಟಿಮೀಟರ್, ಬೆರಳಿನ ಉಗುರು ಬೆಳೆಯುವುದಕ್ಕಿಂತ ಹೆಚ್ಚಿನದೇನಲ್ಲ. ಅವನ ಕಾಲದ ದೂರದರ್ಶಕಗಳಿಗೂ ಗಡಿಯಾರಗಳಿಗೂ ಅದು ನಿಲುಕುವಂತಿರಲಿಲ್ಲ.